ವಾರದ ನಡುವೆ ತುಮಕೂರು ಪೇಟೆಯಲ್ಲಿ ಮನೆಮಂದಿಯೊಂದಿಗೆ ರಾತ್ರಿ ಊಟ: ಅನುಭವ ಇದ್ದವರು ತಿಳಿಸಿ

ಎಸ್.ಎಸ್. ಪುರಂ ನಿವಾಸಿ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ನಾವು ಹಾಸನದಿಂದ ತುಮಕೂರಿಗೆ ಬಂದು ನೆಲೆಸಿ ಹೆಚ್ಚು ಕಾಲವಾಗಿಲ್ಲ. ನನ್ನ ಪತ್ನಿ ಕೆಲಸಕ್ಕಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಭಾನುವಾರ ಬಂದರೆ ಮನೆ ಬಿಟ್ಟು ಹೊರಡಲು ಅವರಿಗೆ ಮನಸ್ಸಾಗುವುದಿಲ್ಲ. ಆದ್ದರಿಂದ ಬುಧವಾರವೋ ಗುರುವಾರವೋ ಅವರು ನಿಲ್ದಾಣಕ್ಕೆ ಬಂದಿಳಿದ ಮೇಲೆ ಎಲ್ಲರೂ ಸೇರಿ ಪೇಟೆಯಲ್ಲಿಯೇ ಊಟ ಮುಗಿಸಿ ಮನೆಗೆ ಹೋಗುವ ರೂಢಿ ಮಾಡಿಕೊಳ್ಳೋಣವೆಂದು ಯೋಚಿಸಿದ್ದೇವೆ. ಜೊತೆಗೆ ನನ್ನ ತಾಯಿಯವರು ಇರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ, ಎಂಟು ಗಂಟೆಯ ಆಸುಪಾಸಿಗೆ ಊಟವಾಗಲೇಬೇಕು. ಮಗಳು ಆರನೆಯ ತರಗತಿಯಲ್ಲಿದ್ದಾಳೆ. ನಾವು ಸಸ್ಯಾಹಾರಿಗಳು. ನಾಲ್ವರ ಖರ್ಚು ಒಂದು ಸಾವಿರ ರೂಪಾಯಿ ದಾಟಬಾರದು. ಟೌನ್‌ಹಾಲ್ ವೃತ್ತ, ಎಂ.ಜಿ. ರಸ್ತೆ, ಹೊರಪೇಟೆ, ಈ ಸುತ್ತಿನಲ್ಲಿ ಎ.ಸಿ. ಹಾಲ್ ಇರುವ ಕಡೆಗೆ ಹೋಗುವುದು ವಾಸಿಯೋ, ಸಾಧಾರಣ ಹೋಟೆಲೇ ಸಾಕೋ? ಮೆಟ್ಟಿಲು ಹತ್ತದೆ ಕೂರುವ ಅನುಕೂಲ ಇರುವ ಕಡೆ ಯಾವುದು? ಹೋಟೆಲಿನ ಹೆಸರನ್ನು ಬಹಿರಂಗವಾಗಿ ಬರೆಯಲು ಇಷ್ಟವಿಲ್ಲದಿದ್ದರೆ ಬೀದಿಯನ್ನು ಹೇಳಿದರೂ ಸಾಕು.

ಬಟವಾಡಿಯ ಉಪನ್ಯಾಸಕ:

ಎ.ಸಿ. ಹಾಲಿನ ಮಾತು ತೆಗೆದಿದ್ದೀರಿ, ಆದ್ದರಿಂದ ಬರೆಯದೆ ಇರಲಾಗಲಿಲ್ಲ. ಇತ್ತೀಚೆಗೆ ಒಂದು ಗುರುವಾರ ಪತ್ನಿ ಮತ್ತು ಮಗನೊಂದಿಗೆ ಪೇಟೆಯ ನಡುವೆ ಇರುವ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗಿದ್ದೆ. ಹೆಸರು ಬೇಡ. ಬಿಲ್ಲನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಟೊಮೆಟೊ ಸೂಪ್ ಎರಡಕ್ಕೆ 220 ರೂಪಾಯಿ, ಗೋಬಿ ಮಂಚೂರಿ 180, ಪನೀರ್ ಬಟರ್ ಮಸಾಲ 260, ವೆಜ್ ಕೊಲ್ಹಾಪುರಿ 240, ರೋಟಿ ಆರಕ್ಕೆ 270, ಜೀರಾ ರೈಸ್ 190, ನೀರಿನ ಬಾಟಲಿ ಎರಡಕ್ಕೆ 80. ಒಟ್ಟು 1,440 ರೂಪಾಯಿ. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ‘ಎಸ್.ಸಿ.’, ಅಂದರೆ ಸೇವಾ ಶುಲ್ಕ, ಎಂದು ಬರೆದು 72 ರೂಪಾಯಿ. ಆ 72ನ್ನೂ ಸೇರಿಸಿಕೊಂಡು 1,512ರ ಮೇಲೆ ಶೇಕಡ 5ರಷ್ಟು ಜಿ.ಎಸ್.ಟಿ. ಹಾಕಿ, ಪೈಸೆಯನ್ನು ಮೇಲಕ್ಕೆ ಸರಿಸಿ, 1,588 ರೂಪಾಯಿ ಎಂದು ಚರ್ಮದ ಪುಸ್ತಕದೊಳಗೆ ಇಟ್ಟು, ಮೇಲೆ ಸೋಂಪು ಉದುರಿಸಿ ತಂದಿಟ್ಟರು.

ನಾನು ಗಲ್ಲಾದ ಬಳಿ ಹೋಗಿ, ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ ಎಂದು ಹೇಳಿದೆ. ಕ್ಯಾಷಿಯರ್ ತಲೆಯನ್ನೂ ಎತ್ತದೆ, ‘ಎಲ್ಲರೂ ಕೊಡ್ತಾರೆ ಸರ್, ಕೇಳ್ತಾ ಇರೋದು ನೀವೊಬ್ರೇ’ ಎಂದ. ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಯೇ ನಿಂತು ಫೋನ್ ಮಾಡುತ್ತೇನೆಂದಾಗ ಹೊಸ ಬಿಲ್ ಹೊರಬಂತು. 1,440ಕ್ಕೆ 72 ರೂಪಾಯಿ ತೆರಿಗೆ, ಒಟ್ಟು 1,512. ಅಲ್ಲಿಗೆ ಉಳಿದದ್ದು 76 ರೂಪಾಯಿ. ಮನೆ ತಲುಪುವವರೆಗೆ ನನ್ನ ಪತ್ನಿ ಮಾತನಾಡಲಿಲ್ಲ, ಅದು ಬೇರೆ ವಿಷಯ. ಇನ್ನು ನೀರಿನ ಬಾಟಲಿಯ ಮೇಲೆ ಅಚ್ಚಾಗಿದ್ದ ಬೆಲೆ 20 ರೂಪಾಯಿ. ಬೇಕೋ ಬೇಡವೋ ಎಂದು ಕೇಳುವ ಮೊದಲೇ ಸಪ್ಲೈಯರ್ ಅದರ ಮುಚ್ಚಳ ತಿರುಗಿಸಿಯಾಗಿತ್ತು.

ಅಶೋಕನಗರದ ಶಿಕ್ಷಕಿ:

ಮೇಲಿನ ಸರ್ ಅವರ ಪತ್ನಿ ಏಕೆ ಮಾತನಾಡಲಿಲ್ಲವೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ವಾರವಿಡೀ ಒಲೆಯ ಮುಂದೆ ನಿಂತವರು ಒಂದು ಸಂಜೆ ತಣ್ಣನೆಯ ಕೋಣೆಯಲ್ಲಿ ಕುಳಿತು, ಬೇರೆಯವರು ಬಡಿಸಿದ್ದನ್ನು ತಿಂದು ಎದ್ದಾಗ, ಗಲ್ಲಾದ ಬಳಿ ಗಂಡ ನ್ಯಾಯಾಲಯ ನಡೆಸುತ್ತಿದ್ದರೆ ಆ ಊಟ ಮೈಗೆ ಹತ್ತುವುದಿಲ್ಲ.

ನಾನು ವಾರದ ನಡುವೆ ಎ.ಸಿ. ಹಾಲಿಗೇ ಹೋಗುತ್ತೇನೆ, ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಭಾನುವಾರ ಅದೇ ಹಾಲಿನಲ್ಲಿ ಹುಟ್ಟುಹಬ್ಬದವರ ಗದ್ದಲ, ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಬುಧವಾರವಾದರೆ ಮೂಲೆಯ ಸೋಫಾ ಮೇಜು ಸಿಗುತ್ತದೆ, ಯಾರೂ ತಲೆಯ ಮೇಲೆ ಬಂದು ನಿಂತು ‘ಮತ್ತೇನು ಬೇಕು’ ಎಂದು ಎಬ್ಬಿಸುವುದಿಲ್ಲ. ಆದರೆ ಒಂದು ಮಾತು ನೆನಪಿಡಿ: ಏಳು ಗಂಟೆಗೆ ಹೋಗಿ ರೋಟಿ ಹೇಳಬೇಡಿ. ತಂದೂರಿಗೆ ಇದ್ದಿಲು ಹಾಕಿ ಹೊತ್ತಿಸುವುದೇ ಆಗ. ಗೋಡೆ ಕಾಯುವ ಮೊದಲು ಬಡಿದ ರೋಟಿ ಒಂದು ಮಗ್ಗುಲಲ್ಲಿ ಬೆಳ್ಳಗೆ, ಹಸಿ ಹಿಟ್ಟಿನ ವಾಸನೆಯೊಂದಿಗೆ ಬರುತ್ತದೆ. ಏಳೂವರೆ ದಾಟಿದ ಮೇಲೆ ಹೇಳಿದರೆ ಉಬ್ಬಿದ, ಕಪ್ಪು ಚುಕ್ಕೆ ಬಿದ್ದ ರೋಟಿ ಬರುತ್ತದೆ. ನಾವು ಅಲ್ಲಿಯವರೆಗೆ ಸೂಪು ಕುಡಿಯುತ್ತ ಕೂರುತ್ತೇವೆ.

ನೀರಿನ ಬಾಟಲಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಹೋಟೆಲಿನವರು ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿಯೇ ತೀರ್ಪು ಕೊಟ್ಟಿದೆ. ಕಾನೂನು ಹೇಳುವವರು ಪೂರ್ತಿಯಾಗಿ ಹೇಳಬೇಕು.

ಬಟವಾಡಿಯ ಉಪನ್ಯಾಸಕ:

ಮೇಡಂ, ಪೂರ್ತಿಯಾಗಿಯೇ ಹೇಳೋಣ. ಗಿರಾಕಿ ಹೋಟೆಲಿಗೆ ಬರುವುದು ಬರೀ ನೀರು ಕೊಳ್ಳಲು ಅಲ್ಲ, ಅಲ್ಲಿಯ ಆಸನ, ವಾತಾವರಣ, ಸೇವೆ ಎಲ್ಲವೂ ಆ ಬೆಲೆಯಲ್ಲಿ ಸೇರಿದೆ ಎಂಬುದೇ ಆ ತೀರ್ಪಿನ ತರ್ಕ. ಹಾಗಾದರೆ ಎರಡು ಬಾಟಲಿಗೆ ನಾನು ಕೊಟ್ಟ ಹೆಚ್ಚುವರಿ 40 ರೂಪಾಯಿಯಲ್ಲಿ ಸೇವೆಯ ಬೆಲೆ ಸಂದಾಯವಾಯಿತಲ್ಲವೇ? ಮತ್ತೆ 72 ರೂಪಾಯಿ ಯಾವ ಸೇವೆಗೆ? ಮುಚ್ಚಳ ತಿರುಗಿಸಿದ್ದಕ್ಕೇ? 76 ರೂಪಾಯಿಗೆ ಜಗಳವಾಡುವುದು ಸಣ್ಣತನವೆಂದು ತೋರುವವರು ದಯವಿಟ್ಟು ಒಂದು ಸಂಜೆ ಆ ಹಾಲಿನಲ್ಲಿ ಎಷ್ಟು ಮೇಜುಗಳಿವೆ ಎಂದು ಎಣಿಸಿ ನೋಡಲಿ.

ಹೊರಪೇಟೆಯ ನಿವೃತ್ತ ಬ್ಯಾಂಕ್ ನೌಕರ:

ಇಬ್ಬರೂ ಸುಮ್ಮನೆ ಹಣ ಕೊಟ್ಟು ಜಗಳ ಕೊಳ್ಳುತ್ತಿದ್ದೀರಿ. ನಾನು ಕೆಲಸದಲ್ಲಿದ್ದ ಕಾಲದಿಂದಲೂ ವಾರದ ನಡುವೆ ಒಂದು ಸಂಜೆ ಹೊರಪೇಟೆ ಸುತ್ತಿನ ಹಳೆಯ ಹೋಟೆಲಿನಲ್ಲಿಯೇ ತಿನ್ನುವುದು. ಕಲ್ಲಿನ ಹಲಗೆಯ ಮೇಜು, ಗೋಡೆಗೆ ಕನ್ನಡಿ, ಮೇಲೆ ಫ್ಯಾನು. ಎರಡು ಮಸಾಲೆ ದೋಸೆ, ಒಂದು ಖಾಲಿ ದೋಸೆ, ಒಂದು ರವೆ ಇಡ್ಲಿ, ಎರಡು ಬೈಟೂ ಕಾಫಿ. ನಾಲ್ಕು ಜನರಿಗೆ 400 ರೂಪಾಯಿ ಮುಟ್ಟುವುದಿಲ್ಲ.

ಆದರೆ ರಾತ್ರಿ ದೋಸೆ ತಿನ್ನುವುದಕ್ಕೆ ಹೊತ್ತು ಗೊತ್ತಿರಬೇಕು. ಬೆಳಗಿನ ಹಿಟ್ಟು ಸಂಜೆಗೆ ಹುಳಿ ಹೆಚ್ಚಾಗುತ್ತದೆ; ಒಳ್ಳೆಯ ಹೋಟೆಲಿನವರು ಸಂಜೆಗೆಂದೇ ಬೇರೆ ಹಿಟ್ಟು ತೆಗೆಯುತ್ತಾರೆ, ಉಳಿದವರು ಬೆಳಗಿನದಕ್ಕೇ ಹೊಸದನ್ನು ಬೆರೆಸುತ್ತಾರೆ. ಕಾವಲಿಯ ಬಳಿ ನಿಂತು ನೋಡಿದರೆ ತಿಳಿಯುತ್ತದೆ. ದೋಸೆಯವನು ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆಯಿಂದ ಕಾವಲಿಯನ್ನು ಒಮ್ಮೆ ಗುಡಿಸಿ, ಹಿಟ್ಟು ಹುಯ್ದು ಬಟ್ಟಲಿನ ತಳದಿಂದ ಸುತ್ತು ಬಿಡಿಸುತ್ತಾನೆ. ಹಿಟ್ಟು ಸರಿಯಾಗಿದ್ದರೆ ಕ್ಷಣದಲ್ಲಿ ಮೈತುಂಬ ಕಣ್ಣು ಬೀಳುತ್ತದೆ, ಅಂಚು ತಾನಾಗಿ ಏಳುತ್ತದೆ. ಹುಳಿ ಮೀರಿದ ಹಿಟ್ಟಾದರೆ ಎಷ್ಟು ಎಣ್ಣೆ ಹಾಕಿದರೂ ಬಣ್ಣ ತಿರುಗುವುದಿಲ್ಲ. ಬಿಳಿಚಿಕೊಂಡ ದೋಸೆ ಕಂಡರೆ ನಾನು ಕೂರದೆ ಹೊರಗೆ ಬರುತ್ತೇನೆ.

ಸೇವಾ ಶುಲ್ಕವೆಂಬುದು ಅಲ್ಲಿ ಇಲ್ಲವೇ ಇಲ್ಲ. ನಾನೇ ಮೇಜಿನ ಮೇಲೆ ಹತ್ತು ರೂಪಾಯಿ ಬಿಟ್ಟು ಏಳುತ್ತೇನೆ. ಅದು ಸಪ್ಲೈಯರಿಗೇ ಸೇರುತ್ತದೆ, ಗಲ್ಲಾಕ್ಕೆ ಸೇರುವುದಿಲ್ಲ.

ಶಿರಾ ಗೇಟಿನ ಲಾರಿ ಮಾಲೀಕ:

ಯಜಮಾನರೇ, ದೋಸೆಯನ್ನು ರಾತ್ರಿ ಊಟವೆಂದು ಬರೆಯುವುದಕ್ಕೆ ತಮಗೆ ಹೇಗೆ ಮನಸ್ಸು ಬಂತೋ ತಿಳಿಯದು. ಅದು ಸಂಜೆ ನಾಲ್ಕು ಗಂಟೆಯ ತಿಂಡಿ. ತುಮಕೂರು ಸೀಮೆಯಲ್ಲಿ ರಾತ್ರಿ ಊಟವೆಂದರೆ ಮುದ್ದೆ. ನಾನು ಹೋಗುವುದು ಮಿಲಿಟರಿ ಹೋಟೆಲಿಗೆ, ಅಲ್ಲಿ ನಾಟಿಕೋಳಿ ಸಾರು ಸಿಗುವ ದಿನವೇ ಬೇರೆ. ಪ್ರಶ್ನೆ ಕೇಳಿದವರು ಸಸ್ಯಾಹಾರಿಗಳಂತೆ, ಇರಲಿ. ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು, ಉಪ್ಪುಸಾರಿಗೆ ಮುದ್ದೆ ಕೊಡುವ ಸಸ್ಯಾಹಾರಿ ಮೆಸ್ಸುಗಳೂ ಪೇಟೆಯಲ್ಲಿವೆ.

ನನ್ನ ತಕರಾರು ಬೆಲೆಯದು. ಮೊದಲು ಊಟದ ಬೆಲೆಯಲ್ಲಿ ಎರಡನೆಯ ಮುದ್ದೆ ಸೇರಿರುತ್ತಿತ್ತು. ಈಗ ಒಂದು ಕಡೆ ಮುದ್ದೆ ಊಟಕ್ಕೆ 110 ರೂಪಾಯಿ ಕೊಟ್ಟ ಮೇಲೆ ಎರಡನೆಯ ಮುದ್ದೆಗೆ ಪ್ರತ್ಯೇಕವಾಗಿ 25 ಕೇಳುತ್ತಾರೆ, ಸಾರು ಮತ್ತೊಮ್ಮೆ ಹಾಕಿಸಿಕೊಂಡರೆ ಮುಖ ನೋಡುತ್ತಾರೆ. ಮುದ್ದೆಯೋ, ಮೊದಲಿನ ಅರ್ಧವೂ ಇಲ್ಲ. ನನ್ನ ಡ್ರೈವರಿಗೆ ಮೂರು ಬೇಕು, ಕ್ಲೀನರಿಗೆ ಎರಡು. ಅವರ ಪಾಲಿಗೆ ನಾನು ಮೇಲೆ ತೆತ್ತದ್ದು 75 ರೂಪಾಯಿ. ಅದರ ಮೇಲೆ ಬಾಳೆಎಲೆಯ ಬದಲು ಎಲೆಯ ಬಣ್ಣದ ಕಾಗದ. ಬಿಸಿ ಮುದ್ದೆಗೆ ಕಾಗದ ಅಂಟಿಕೊಂಡು ಬಂದದ್ದನ್ನು ಕೇಳಿದರೆ ‘ಎಲೆ ಸಪ್ಲೈ ಇಲ್ಲ’ ಎಂಬ ಉತ್ತರ. ಮತ್ತೊಂದು ಸಂಕಟವೆಂದರೆ, ಪಕ್ಕದ ಮೇಜಿನಲ್ಲಿ ಯಾರೋ ಚಮಚದಲ್ಲಿ ಮುದ್ದೆ ಕತ್ತರಿಸಿ ಅಗಿಯುತ್ತಿದ್ದರು. ನೋಡಿ ಹೊಟ್ಟೆ ತೊಳಸಿತು.

ಅಶೋಕನಗರದ ಶಿಕ್ಷಕಿ:

ಮುದ್ದೆಯನ್ನು ನುಂಗುವುದೋ ಅಗಿಯುವುದೋ ಅವರವರ ಇಷ್ಟ. ನನ್ನ ಯಜಮಾನರು ಮಂಡ್ಯದ ಕಡೆಯವರು, ಅವರು ನುಂಗುತ್ತಾರೆ, ನಾನು ಅಗಿಯುತ್ತೇನೆ, ನಮ್ಮ ಸಂಸಾರಕ್ಕೇನೂ ತೊಂದರೆಯಾಗಿಲ್ಲ. ಹೆಂಗಸರು, ಮಕ್ಕಳು, ವಯಸ್ಸಾದವರು ಕೂರುವ ಜಾಗವನ್ನು ಕೇಳಿದವರಿಗೆ ಲಾರಿಯವರ ಮುದ್ದೆಯ ಲೆಕ್ಕವೇಕೆ?

ಶಿರಾ ಗೇಟಿನ ಲಾರಿ ಮಾಲೀಕ:

ಮೇಡಂ, ಲಾರಿಯವರಿಗೂ ಮನೆಯಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಇದ್ದಾರೆ. ನಮ್ಮ ತಾಯಿಯವರು ಮುದ್ದೆ ಮೆಸ್ಸಿನಲ್ಲಿಯೇ ನೆಮ್ಮದಿಯಾಗಿ ಉಣ್ಣುತ್ತಾರೆ. ತಮ್ಮ ಸೋಫಾ ಮೇಜಿನಲ್ಲಿ ಒಮ್ಮೆ ಕೂರಿಸಿದರೆ ಅವರು ತಳಕ್ಕೆ ಇಳಿದುಹೋಗಿ, ತಟ್ಟೆ ಗದ್ದದ ಮಟ್ಟಕ್ಕೆ ಬಂದಿತ್ತು.

ಪೇಟೆಯಲ್ಲಿ ಹೋಟೆಲ್ ನಡೆಸುವವರು:

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನಮ್ಮದು ಎಂ.ಜಿ. ರಸ್ತೆಯ ಸುತ್ತಿನ ಸಸ್ಯಾಹಾರಿ ಹೋಟೆಲು, ತಂದೆಯವರ ಕಾಲದ್ದು. ಹೆಸರು ಹೇಳಿ ಪ್ರಚಾರ ಮಾಡಿಕೊಳ್ಳುವುದಿಲ್ಲ. ಬೆಲೆಯ ವಿಚಾರದಲ್ಲಿ ಎಲ್ಲರೂ ತಟ್ಟೆಯ ಈ ಕಡೆಯಿಂದ ಮಾತ್ರ ನೋಡುತ್ತಿದ್ದೀರಿ. ನಂದಿನಿ ಹಾಲು 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತು. ಕಾಫಿಪುಡಿ ಅದಕ್ಕೂ ಮೊದಲಿನಿಂದ ಏರುತ್ತಿತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಜಿಲ್ಲೆಯಲ್ಲಿದ್ದುಕೊಂಡು ಚಟ್ನಿಗೆ ಕಾಯಿ ಹಾಕಲು ನಾವು ಲೆಕ್ಕ ಹಾಕುವಂತಾಯಿತು. ಕಾಯಿ ದುಬಾರಿಯಾದಾಗ ಹುರಿಗಡಲೆ ಹೆಚ್ಚು ಹಾಕಿದ ಹೋಟೆಲುಗಳು ಎಷ್ಟಿವೆ ಎಂದು ಚಟ್ನಿಯ ಬಣ್ಣ ನೋಡಿಯೇ ಹೇಳಬಲ್ಲೆ. ಅಡುಗೆಗೆ ನಾವು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ಉರಿಸಬೇಕು, ಮನೆಯ 14.2 ಕೆ.ಜಿ. ಸಿಲಿಂಡರನ್ನು ಮುಟ್ಟುವಂತಿಲ್ಲ. ಹೀಗಿರುವಾಗ 25 ರೂಪಾಯಿಯ ಮುದ್ದೆಗೆ ಅಷ್ಟು ದೂರು ಸರಿಯಲ್ಲ. ಮುದ್ದೆ ತಿರುವುವವನಿಗೆ ಕೊಡುವ ಸಂಬಳಕ್ಕೆ ಇಂದು ಅಕ್ಕಿ ಬೇಯಿಸುವವರು ಇಬ್ಬರು ಸಿಗುತ್ತಾರೆ, ಆ ಕೋಲು ಹಿಡಿಯುವವರೇ ಕಡಿಮೆಯಾಗಿದ್ದಾರೆ.

ವಾರದ ನಡುವಿನ ಊಟದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಭಾನುವಾರಕ್ಕೆ ಹೋಲಿಸಿದರೆ ಬುಧವಾರ ನಮ್ಮಲ್ಲಿ ಜನ ಕಡಿಮೆ, ಆದರೆ ಕೆಲಸದವರೂ ಕಡಿಮೆ, ಏಕೆಂದರೆ ರಜೆ ಕೊಡುವುದು ಆಗಲೇ. ಮೆನುವಿನಲ್ಲಿರುವುದನ್ನೆಲ್ಲ ಆ ದಿನ ಕೇಳಬಾರದು. ಗ್ರೇವಿಗಳ ಬುಡ ಒಂದೇ, ಈರುಳ್ಳಿ ಟೊಮೆಟೊ ಗೋಡಂಬಿ ಅರೆದು ಬೆಳಿಗ್ಗೆಯೇ ಹುರಿದಿಟ್ಟಿರುತ್ತೇವೆ. ಕೊಲ್ಹಾಪುರಿಗೂ ಬಟರ್ ಮಸಾಲೆಗೂ ವ್ಯತ್ಯಾಸ ಕೊನೆಯ ಎರಡು ನಿಮಿಷದ್ದು. ಉಪನ್ಯಾಸಕರು ಎರಡು ಗ್ರೇವಿ ಹೇಳಿ 500 ರೂಪಾಯಿ ಕೊಟ್ಟಿದ್ದಾರೆ. ಒಂದು ಗ್ರೇವಿ, ಒಂದು ದಾಲ್ ಹೇಳಿದ್ದರೆ ರುಚಿಯೂ ಬೇರೆಯಾಗುತ್ತಿತ್ತು, ಹಣವೂ ಉಳಿಯುತ್ತಿತ್ತು.

ಬಟವಾಡಿಯ ಉಪನ್ಯಾಸಕ:

ಸ್ವಾಮಿ, ನಾನು ಏನು ತಿನ್ನಬೇಕಿತ್ತೆಂದು ಹೇಳಿದ್ದಕ್ಕೆ ಧನ್ಯವಾದಗಳು. ನಿಮ್ಮ ಹೋಟೆಲಿನ ಬಿಲ್ಲಿನಲ್ಲಿ ಜಿ.ಎಸ್.ಟಿ. ಹಾಕುತ್ತೀರೋ ಇಲ್ಲವೋ? ಕಾಂಪೊಸಿಷನ್ ಎಂಬ ಸಣ್ಣ ವಹಿವಾಟಿನವರ ತೆರಿಗೆ ಪದ್ಧತಿಯಲ್ಲಿದ್ದರೆ ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿಯವರೆಗೆ ಶೇಕಡ 5ನ್ನು ನೀವು ನಿಮ್ಮ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಆ ವಿಷಯವನ್ನು ಬೋರ್ಡಿನಲ್ಲಿಯೂ ಬಿಲ್ಲಿನಲ್ಲಿಯೂ ಬರೆದಿರಬೇಕು. ನಮ್ಮ ಪೇಟೆಯಲ್ಲಿ ಎಷ್ಟು ಕಡೆ ಆ ಬೋರ್ಡು ಇದೆ?

ಪೇಟೆಯಲ್ಲಿ ಹೋಟೆಲ್ ನಡೆಸುವವರು:

ನಮ್ಮಲ್ಲಿ ಇದೆ ಸರ್, ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ. ನಾವು ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುವುದಿಲ್ಲ, ಸೇವಾ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ. ಎಲ್ಲ ಹೋಟೆಲಿನವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವ ಮೊದಲು ಕೇಳಿ ತಿಳಿದುಕೊಳ್ಳಬಹುದಿತ್ತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇಕಡ 12, ಎ.ಸಿ. ಇದ್ದದ್ದಕ್ಕೆ 18 ಇತ್ತು. ನವೆಂಬರ್ 15ರಿಂದ 5ಕ್ಕೆ ಇಳಿಯಿತು. ಆ ನಾಲ್ಕೂವರೆ ತಿಂಗಳು ಗಿರಾಕಿಗಳಿಗೆ ವಿವರಿಸಿ ವಿವರಿಸಿ ಗಂಟಲು ಒಣಗಿದವರು ನಾವು.

ಎಸ್.ಎಸ್. ಪುರಂ ನಿವಾಸಿ (ಪ್ರಶ್ನೆ ಕೇಳಿದವರು):

ತಮ್ಮೆಲ್ಲರ ವಿವರಗಳಿಗೆ ಧನ್ಯವಾದಗಳು. ತಂದೂರಿನ ಹೊತ್ತಿನ ಮಾತು, ದಾಲ್‌ನ ಮಾತು ಉಪಯೋಗಕ್ಕೆ ಬಂತು. ತಾಯಿಯವರ ಹೊತ್ತಿನ ಬಗ್ಗೆ, ಮೆಟ್ಟಿಲಿನ ಬಗ್ಗೆ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಗುಬ್ಬಿ ಗೇಟಿನ ಸಾಫ್ಟ್‌ವೇರ್ ಉದ್ಯೋಗಿ:

ಪೇಟೆಗೆ ಹೋಗಲೇಬೇಕೆಂಬ ಹಟವೇಕೆ? ನಾವು ವಾರದ ನಡುವೆ ಪಾರ್ಸೆಲ್ ತರಿಸುತ್ತೇವೆ. ಎಂ.ಜಿ. ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತಿಗೆ ಮನೆಯಲ್ಲಿ ಊಟವಾಗಿ ತಟ್ಟೆ ತೊಳೆದಿರುತ್ತೇವೆ. ಆದರೆ ಅದರಲ್ಲಿಯೂ ನೂರೆಂಟು ಲೆಕ್ಕಗಳಿವೆ. ಆ್ಯಪಿನಲ್ಲಿ ಮಸಾಲೆ ದೋಸೆಗೆ 95 ರೂಪಾಯಿ, ಅದೇ ಹೋಟೆಲಿನ ಗಲ್ಲಾದಲ್ಲಿ 70. ಆ್ಯಪಿನ ಮೇಲೆ ಡಬ್ಬಿಗೆ 10, ತಲುಪಿಸುವುದಕ್ಕೆ 35, ಮಳೆ ಬಂದರೆ ಅದಕ್ಕೊಂದು ಶುಲ್ಕ. ನಾನೇ ಸ್ಕೂಟರಿನಲ್ಲಿ ಹೋಗಿ ತಂದರೆ ಸಾಂಬಾರನ್ನು ತೆಳುವಾದ ಪ್ಲಾಸ್ಟಿಕ್ ಕವರಿಗೆ ಕುದಿಕುದಿಯಾಗಿ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಒಮ್ಮೆ ಅದು ಸ್ಕೂಟರಿನ ಡಿಕ್ಕಿಯೊಳಗೆ ಒಡೆದು, ವಿಮೆಯ ಕಾಗದವೂ ಮಳೆಯಂಗಿಯೂ ಇಂಗಿನ ವಾಸನೆ ಹಿಡಿದವು. ಆ ಮೇಲೆ ಮನೆಯಿಂದಲೇ ಸ್ಟೀಲಿನ ಕ್ಯಾರಿಯರ್ ಒಯ್ಯುತ್ತೇನೆ. ಕ್ಯಾರಿಯರ್ ತಂದರೂ ಡಬ್ಬಿಯ 10 ರೂಪಾಯಿ ಹಾಕಿದವರಿದ್ದಾರೆ, ಅವರ ಬಳಿ ಹೋಗುವುದನ್ನು ಬಿಟ್ಟಿದ್ದೇನೆ.

ಹೊರಪೇಟೆಯ ನಿವೃತ್ತ ಬ್ಯಾಂಕ್ ನೌಕರ:

ಪಾರ್ಸೆಲ್ ದೋಸೆಯೆಂಬುದು ದೋಸೆಗೆ ಮಾಡುವ ಅವಮಾನ. ಎಲೆಯಲ್ಲಿ ಸುತ್ತಿ, ಪೇಪರಿನಲ್ಲಿ ಸುತ್ತಿ, ಮನೆಗೆ ತಲುಪುವಷ್ಟರಲ್ಲಿ ಅದು ತನ್ನ ಹಬೆಯಲ್ಲಿ ತಾನೇ ಬೆಂದು ಮೆತ್ತಗಾಗಿರುತ್ತದೆ. ಅದಕ್ಕೆ 95 ಕೊಡುವವರು ಬಟವಾಡಿಯವರ 76 ರೂಪಾಯಿಗೆ ನಗಬಾರದು.

ಗುಬ್ಬಿ ಗೇಟಿನ ಸಾಫ್ಟ್‌ವೇರ್ ಉದ್ಯೋಗಿ:

ನಾನು ಯಾರನ್ನು ನೋಡಿಯೂ ನಗಲಿಲ್ಲ ಸರ್. ಸಂಜೆ ಏಳರವರೆಗೆ ಮೀಟಿಂಗಿನಲ್ಲಿರುವವರಿಗೆ ಕಾವಲಿಯ ಪಕ್ಕ ನಿಂತು ಹಿಟ್ಟಿನ ಪರೀಕ್ಷೆ ಮಾಡಲು ಬಿಡುವಿರುವುದಿಲ್ಲ, ಪಿಂಚಣಿದಾರರಿಗೆ ಅದು ಸಾಧ್ಯ.

ಕ್ಯಾತ್ಸಂದ್ರದವರು:

ತುಮಕೂರಿಗೆ ಬಂದು ನೆಲೆಸಿದವರಿಗೆ ಯಾರೂ ತಟ್ಟೆ ಇಡ್ಲಿಯ ಹೆಸರೆತ್ತಲಿಲ್ಲವಲ್ಲ! ನಮ್ಮ ಕಡೆಗೆ ಬನ್ನಿ. ಬೆಣ್ಣೆ ಹಾಕಿದ ಬಿಸಿ ತಟ್ಟೆ ಇಡ್ಲಿ ಎರಡು ತಿಂದರೆ ಯಾವ ರೋಟಿಯೂ ಬೇಡ. ಹಣವೇ ಖರ್ಚಾಗಬಾರದೆಂದರೆ ಸಿದ್ಧಗಂಗಾ ಮಠದ ದಾಸೋಹವಿದೆ, ಜಾತಿ ಮತ ಕೇಳದೆ ಎಲ್ಲರಿಗೂ ಎಲೆ ಹಾಕುತ್ತಾರೆ.

ಶಿರಾ ಗೇಟಿನ ಲಾರಿ ಮಾಲೀಕ:

ತಟ್ಟೆ ಇಡ್ಲಿಯನ್ನು ಬೆಳಿಗ್ಗೆ ತಿನ್ನಬೇಕು. ರಾತ್ರಿ ತಟ್ಟೆ ಇಡ್ಲಿ, ರಾತ್ರಿ ದೋಸೆ! ಊಟ ಕೇಳಿದವರಿಗೆ ಎಲ್ಲರೂ ತಿಂಡಿಯನ್ನೇ ತೋರಿಸುತ್ತಿದ್ದೀರಿ.

ಗಾಂಧಿನಗರದ ನಿವಾಸಿ:

ಪ್ರಶ್ನೆ ಕೇಳಿದವರ ತಾಯಿಯವರಿಗೆ ಸಕ್ಕರೆ ಕಾಯಿಲೆ ಇದೆಯೆಂಬ ಸಾಲನ್ನು ಯಾರೂ ಓದಿದಂತಿಲ್ಲ. ನಮ್ಮ ತಂದೆಯವರು ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಒಂದು ಮಂಗಳವಾರ ಸಂಜೆ, ಹೋಟೆಲು ಹತ್ತಿರದಲ್ಲಿಯೇ ಇದೆಯೆಂದು ಮನೆಯಲ್ಲಿಯೇ ಚುಚ್ಚಿಕೊಂಡು ಹೊರಟರು. ಹಾಲ್ ಅರ್ಧ ಖಾಲಿ. ಆರ್ಡರ್ ಬರೆದುಕೊಂಡು ಹೋದ ಹುಡುಗ ಪುನಃ ಕಾಣಿಸಲಿಲ್ಲ. ಎರಡು ಬಾರಿ ಎದ್ದು ಹೋಗಿ ಕೇಳಿದೆ. ‘ಐದು ನಿಮಿಷ ಮೇಡಂ’ ಎಂದರು. ತಂದೆಯವರು ಮಾತು ನಿಲ್ಲಿಸಿ ಮೇಜಿನ ಅಂಚು ಹಿಡಿದುಕೊಂಡರು, ಹಣೆಯಲ್ಲಿ ಬೆವರು, ಬೆರಳುಗಳು ನಡುಗುತ್ತಿದ್ದವು. ಎ.ಸಿ. ಓಡುತ್ತಿರುವಾಗ ಬೆವರು ಬಂದದ್ದನ್ನು ನೋಡಿಯೇ ಸಕ್ಕರೆಯ ಮಟ್ಟ ಇಳಿದಿದೆಯೆಂದು ನನಗೆ ಗೊತ್ತಾಯಿತು. ಕಾಫಿ ಕೌಂಟರಿನವನು ಚೀಟಿ ಕೇಳದೆ ಸಕ್ಕರೆಯ ಡಬ್ಬವನ್ನೇ ಕೊಟ್ಟ. ನೀರಿನಲ್ಲಿ ಮೂರು ಚಮಚ ಕದಡಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು. ಅಷ್ಟಾದ ಮೇಲೆ ಊಟ ಬಂತು, ಬಿಲ್ಲಿನಲ್ಲಿ ಯಾವ ವಸ್ತುವೂ ಕಡಿಮೆಯಾಗಿರಲಿಲ್ಲ: 1,126 ರೂಪಾಯಿ, ಅದರಲ್ಲಿ ಯಾರೂ ಮುಟ್ಟದೆ ಉಳಿಸಿದ ಸೂಪಿನದೂ ಸೇರಿ.

ಅಂದಿನಿಂದ ವೈದ್ಯರನ್ನು ಕೇಳಿ ನಮ್ಮ ಕ್ರಮವನ್ನು ಬದಲಿಸಿಕೊಂಡಿದ್ದೇವೆ. ತಂದೆಯವರ ಚುಚ್ಚುಮದ್ದು ತಟ್ಟೆ ಮೇಜಿನ ಮೇಲೆ ಬಂದ ನಂತರವೇ. ಕೂತ ಕೂಡಲೇ ಇಡ್ಲಿಯೋ ಚಪಾತಿಯೋ, ಸಿದ್ಧವಿರುವುದನ್ನು ಅವರಿಗೆ ಮೊದಲು ಹೇಳುತ್ತೇವೆ, ಉಳಿದವರ ಆರ್ಡರನ್ನು ಆಮೇಲೆ ಕೊಡುತ್ತೇವೆ. ಚೀಲದಲ್ಲಿ ಗ್ಲೂಕೋಸ್ ಪುಡಿ ಇರುತ್ತದೆ. ತಾಯಿಯವರು ತೆಗೆದುಕೊಳ್ಳುವುದು ಮಾತ್ರೆಯೋ ಇನ್ಸುಲಿನ್ನೋ ಎಂಬುದರ ಮೇಲೆ ನಿಮ್ಮ ವೈದ್ಯರನ್ನು ಕೇಳಿಯೇ ಹೊರಡಿ.

ಮೆಟ್ಟಿಲಿನ ವಿಷಯ: ಪೇಟೆಯಲ್ಲಿ ನೆಲಮಟ್ಟದ ಬಾಡಿಗೆ ಹೆಚ್ಚು. ಕೆಳಗೆ ಸೆಲ್ಫ್ ಸರ್ವೀಸ್, ಮೇಲೆ ಎ.ಸಿ. ಹಾಲ್ ಎಂಬುದೇ ಅನೇಕ ಕಡೆಯ ಏರ್ಪಾಡು. ಶಿಕ್ಷಕಿಯವರ ಸೋಫಾ ಮೇಜೂ ಮೊದಲ ಮಹಡಿಯದೇ ಎಂದು ನನ್ನ ಊಹೆ.

ಅಶೋಕನಗರದ ಶಿಕ್ಷಕಿ:

ಮೊದಲ ಮಹಡಿ ನಿಜ, ಆದರೆ ಲಿಫ್ಟ್ ಇದೆ.

ಗಾಂಧಿನಗರದ ನಿವಾಸಿ:

ಲಿಫ್ಟಿನ ಮುಂದೆ ತಂಪುಪಾನೀಯದ ಕ್ರೇಟುಗಳನ್ನು ಪೇರಿಸಿರದಿದ್ದರೆ ಲಿಫ್ಟ್ ಇದೆಯೆಂದು ಒಪ್ಪುತ್ತೇನೆ.

ಬಟವಾಡಿಯ ಉಪನ್ಯಾಸಕ:

ಗಾಂಧಿನಗರದವರಿಗೆ ಒಂದು ಪ್ರಶ್ನೆ: ಅಂತಹ ಸ್ಥಿತಿ ಉಂಟುಮಾಡಿದ ಮೇಲೂ 1,126 ರೂಪಾಯಿಯನ್ನು ಸುಮ್ಮನೆ ಕೊಟ್ಟು ಬಂದಿರಾ? ಅದರಲ್ಲಿ ಸೇವಾ ಶುಲ್ಕ ಇತ್ತೋ ಇಲ್ಲವೋ ನೋಡಿದಿರಾ? 2022ರ ಜನವರಿಯಿಂದ ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಬಿಲ್ಲಿನ ಮೇಲೆ ಇರಲೇಬೇಕು, ಅದನ್ನಾದರೂ ಹಿಡಿದು ದೂರು ಕೊಡಬಹುದಿತ್ತು.

ಗಾಂಧಿನಗರದ ನಿವಾಸಿ:

ಸರ್, ತಂದೆಯವರ ಕೈ ನಡುಗುತ್ತಿರುವಾಗ ನಾನು ಬಿಲ್ಲಿನ ಅಂಕಿಗಳನ್ನು ಎಣಿಸುತ್ತ ಕೂರಬೇಕಿತ್ತೇ? ತಮ್ಮ ಕಾನೂನು ಸರಿಯಾಗಿಯೇ ಇರಬಹುದು, ಅದನ್ನು ಎತ್ತುವ ಹೊತ್ತು ಮಾತ್ರ ತಮಗೆ ತಿಳಿಯುವುದಿಲ್ಲ.

ಪೇಟೆಯಲ್ಲಿ ಹೋಟೆಲ್ ನಡೆಸುವವರು:

ಮೇಡಂ ಬರೆದದ್ದನ್ನು ಓದಿ ನಮ್ಮ ಹುಡುಗರಿಗೂ ಓದಿ ಹೇಳಿದೆ. ವಯಸ್ಸಾದವರು ಕೂತ ಮೇಜಿಗೆ ಮೊದಲು ಇಡ್ಲಿ ಕಳುಹಿಸುವುದು ಕಷ್ಟದ ಕೆಲಸವಲ್ಲ. ಹೇಳಿದರೆ ಸಾಕು, ಹೇಳದಿದ್ದರೆ ಸಪ್ಲೈಯರಿಗೆ ತಿಳಿಯುವುದಿಲ್ಲ. ಪ್ರಶ್ನೆ ಕೇಳಿದವರು ಮಗಳಿಗೆ ಗೋಬಿ ಹೇಳುವುದಾದರೆ ಬಣ್ಣ ನೋಡಿ ಹೇಳಲಿ. ಕೃತಕ ಬಣ್ಣ ಹಾಕಿದ ಗೋಬಿ ಮಂಚೂರಿಯನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿಯೇ ನಿಷೇಧಿಸಿದೆ. ನಾವು ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕುತ್ತೇವೆ, ಅದು ಕಂದುಗೆಂಪು ಬರುತ್ತದೆ. ಕೆಂಪು ಕಡಿಮೆಯಾಯಿತೆಂದು ತಟ್ಟೆ ಹಿಂದಕ್ಕೆ ಕಳುಹಿಸಿದ ಗಿರಾಕಿಗಳೂ ಇದ್ದಾರೆ. ನಮ್ಮ ಹಾಲ್ ನೆಲಮಟ್ಟದ್ದೇ, ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲು, ಎ.ಸಿ. ಇಲ್ಲ. ನಾಲ್ವರಿಗೆ ಎರಡು ಚಪಾತಿ ಊಟ, ಒಂದು ದೋಸೆ, ಒಂದು ಇಡ್ಲಿ ಎಂದರೆ 500ರ ಒಳಗೇ ಮುಗಿಯುತ್ತದೆ.

ಬಟವಾಡಿಯ ಉಪನ್ಯಾಸಕ:

ಹೆಸರು ಹೇಳುವುದಿಲ್ಲವೆಂದು ಬರೆದು ಬೆಲೆಪಟ್ಟಿಯನ್ನೂ ಬಾಗಿಲಿನ ಮೆಟ್ಟಿಲನ್ನೂ ಬರೆದಿರಲ್ಲ, ಇದಕ್ಕಿಂತ ಪ್ರಚಾರ ಇನ್ನೇನು? ಬರುವ ಬುಧವಾರ ನಾನೇ ಪೇಟೆಗೆ ಬರುತ್ತೇನೆ, ದೇವರ ಪಟದ ಪಕ್ಕದ ಆ ಬೋರ್ಡನ್ನು ಹುಡುಕಿ ನೋಡುತ್ತೇನೆ.

ಪೇಟೆಯಲ್ಲಿ ಹೋಟೆಲ್ ನಡೆಸುವವರು:

ಖಂಡಿತ ಬನ್ನಿ ಸರ್, ಮೇಡಮ್ಮನವರನ್ನೂ ಕರೆದುಕೊಂಡು ಬನ್ನಿ. ಚಪಾತಿ ಒಂಬತ್ತಕ್ಕೆ ಮುಗಿಯುತ್ತದೆ, ಅದರೊಳಗೆ ಬಂದರೆ ಒಳ್ಳೆಯದು. ಬೈಕನ್ನು ಮಾತ್ರ ಬಾಗಿಲಿನ ಎದುರು ನಿಲ್ಲಿಸಬೇಡಿ, ಪಕ್ಕದ ಬಟ್ಟೆ ಅಂಗಡಿಯವರು ಅದಕ್ಕೂ ನಮ್ಮೊಡನೆಯೇ ಜಗಳಕ್ಕೆ ಬರುತ್ತಾರೆ.